ಎಪಿಡೆಮಿಯಾಲಜಿ ಪಿಎಚ್‌ಡಿ: ಹೆಸರಿಗಿಂತ ಮೊದಲು ಡೇಟಾ ನೋಡಿ

ಎಪಿಡೆಮಿಯಾಲಜಿಯಲ್ಲಿ, ಅಂದರೆ ಕಾಯಿಲೆಗಳು ಜನರಲ್ಲಿ ಎಷ್ಟು, ಹೇಗೆ, ಏಕೆ ಬರುತ್ತವೆಂದು ಅಧ್ಯಯನ ಮಾಡುವ ಶಾಸ್ತ್ರದಲ್ಲಿ, ಪಿಎಚ್‌ಡಿ ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲು ವಿಶ್ವವಿದ್ಯಾಲಯದ ರ‍್ಯಾಂಕ್ ನೋಡುತ್ತಾರೆ, ಆಮೇಲೆ ಸ್ಟೈಪೆಂಡ್, ಅದಾದ ಮೇಲೆ ಗೈಡ್ ಯಾರೆಂದು ವಿಚಾರಿಸುತ್ತಾರೆ. ಯಾವ ಡೇಟಾ ಮೇಲೆ ಕೆಲಸ, ಅದು ಈಗಾಗಲೇ ಕೈಯಲ್ಲಿದೆಯೇ ಎಂಬ ಪ್ರಶ್ನೆ ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಕೆಲವರಿಗೆ ಅದು ಹೊಳೆಯುವುದು ಸೇರಿ ಎರಡು ವರ್ಷವಾದ ಮೇಲೆ. ನಮ್ಮ ಅಭಿಪ್ರಾಯದಲ್ಲಿ ಈ ಕ್ರಮವನ್ನು ಪೂರ್ತಿ ತಿರುಗಿಸಬೇಕು. ಡೇಟಾ ಮೊದಲು, ಗೈಡ್ ಆಮೇಲೆ, ನಂತರ ಸ್ಟೈಪೆಂಡ್, ರ‍್ಯಾಂಕ್ ಕಟ್ಟಕಡೆಗೆ. ಪದವಿಯಾಗಿ ಇದು ಕೊಡುವ ತರಬೇತಿ ನಿಜಕ್ಕೂ ಅಪರೂಪದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ತರಬೇತಿ ನಾಲ್ಕು ವರ್ಷದಲ್ಲಿ ಸಿಗುತ್ತದೋ ಏಳು ವರ್ಷಕ್ಕೆ ಎಳೆಯುತ್ತದೋ ಎಂಬುದನ್ನು ಹೆಚ್ಚಿನ ಮಟ್ಟಿಗೆ ನಿರ್ಧರಿಸುವುದು ಡೇಟಾ ಕೈಗೆ ಬರುವ ದಿನಾಂಕ.

ಮೊದಲು ಸ್ವರೂಪ. ಅಮೆರಿಕದ ಮಾದರಿಯಲ್ಲಿ ಸುಮಾರು ಎರಡು ವರ್ಷ ಕೋರ್ಸ್‌ವರ್ಕ್, ಅದಾದ ಮೇಲೆ ಅರ್ಹತಾ ಪರೀಕ್ಷೆ, ಆಮೇಲೆ ಥೀಸಿಸ್. ಒಟ್ಟು ನಾಲ್ಕರಿಂದ ಆರು ವರ್ಷ. ಬ್ರಿಟನ್ನಿನ ಮಾದರಿ ಮೂರು-ನಾಲ್ಕು ವರ್ಷದ್ದು. ಅಲ್ಲಿ ತರಗತಿ ಕಡಿಮೆ, ಸಂಶೋಧನೆ ಶುರುವಿನಿಂದಲೇ. ಸಂಖ್ಯಾಶಾಸ್ತ್ರವನ್ನು ಸ್ನಾತಕೋತ್ತರದಲ್ಲೇ ಕಲಿತು ಬಂದಿರಬೇಕೆಂಬ ನಿರೀಕ್ಷೆ ಇರುತ್ತದೆ. ಸ್ವೀಡನ್‌ನಂಥ ಕಡೆ ಕೆಲವು ಪೇಪರ್‌ಗಳನ್ನು ಒಂದು ದೀರ್ಘ ಪೀಠಿಕೆಯೊಂದಿಗೆ ಕಟ್ಟಿ ಕೊಡುತ್ತಾರೆ, ಹೊರಗಿನಿಂದ ಬಂದ ತಜ್ಞರ ಎದುರು ಸಾರ್ವಜನಿಕವಾಗಿ ಸಮರ್ಥಿಸಿಕೊಳ್ಳಬೇಕು. ವೈದ್ಯಕೀಯ ಅಥವಾ ನರ್ಸಿಂಗ್ ಓದಿ, ರಿಗ್ರೆಶನ್ (ಅಂಶಗಳ ನಡುವಿನ ಸಂಬಂಧ ಅಳೆಯುವ ಸಂಖ್ಯಾಶಾಸ್ತ್ರದ ವಿಧಾನ) ಮೇಲೆ ಹಿಡಿತವಿಲ್ಲದೆ ಬರುವವರಿಗೆ ಮೊದಲನೆಯ ಮಾದರಿಯೇ ಸರಿ. ಎರಡು ವರ್ಷ ಹೆಚ್ಚಾಯಿತು ಎನಿಸಬಹುದು, ಆದರೆ ಆ ಬುನಾದಿಯಿಲ್ಲದೆ ಮೂರು ವರ್ಷದ ಕಾರ್ಯಕ್ರಮಕ್ಕೆ ಸೇರಿದರೆ ಮೊದಲ ವರ್ಷವೆಲ್ಲ ಒಬ್ಬರೇ ಕೂತು ಪಾಠ ಕಲಿಯುವುದರಲ್ಲೇ ಹೋಗುತ್ತದೆ. ಬಯೋಸ್ಟ್ಯಾಟಿಸ್ಟಿಕ್ಸ್‌ನಲ್ಲಿ, ಅಂದರೆ ಆರೋಗ್ಯ ಸಂಶೋಧನೆಯ ಸಂಖ್ಯಾಶಾಸ್ತ್ರದಲ್ಲಿ, ಗಟ್ಟಿಯಾಗಿರುವವರಿಗೆ ಎರಡನೆಯದು ಲಾಭ.

ಕೋರ್ಸ್‌ವರ್ಕ್ ಈ ಪದವಿಯ ಅತ್ಯುತ್ತಮ ಭಾಗ, ಚೆನ್ನಾಗಿ ಕಲಿಸುವ ಕಡೆ ಮಾತ್ರ. ಚೆನ್ನಾಗಿದೆಯೇ ಎಂದು ಪತ್ತೆಹಚ್ಚಲು ಸಿಲಬಸ್ ತರಿಸಿ ಓದಿ. ಲಾಜಿಸ್ಟಿಕ್ ರಿಗ್ರೆಶನ್ (ಕಾಯಿಲೆ ಬಂತೇ ಇಲ್ಲವೇ ಎಂಬುದಕ್ಕೆ), ಕಾಕ್ಸ್ ಮಾಡೆಲ್ (ಎಷ್ಟು ಕಾಲಕ್ಕೆ ಬಂತು ಎಂಬುದಕ್ಕೆ) ಇಷ್ಟಕ್ಕೇ ಪಾಠ ಮುಗಿದರೆ ಆ ಕಾರ್ಯಕ್ರಮ ಹಳೆಯದಾಗಿದೆ. ಕಾರಣ-ಪರಿಣಾಮದ ಚಿತ್ರಗಳು, ಅಂದರೆ ಡ್ಯಾಗ್‌ಗಳು, ಜೇಮ್ಸ್ ರಾಬಿನ್ಸ್ 1986ರಲ್ಲಿ ಶುರುಮಾಡಿದ ಜಿ-ವಿಧಾನಗಳು (ಕಾಲಕ್ಕೆ ತಕ್ಕಂತೆ ಬದಲಾಗುವ ಚಿಕಿತ್ಸೆಯ ಪರಿಣಾಮ ಲೆಕ್ಕ ಹಾಕುವ ದಾರಿಗಳು), ಬಿಟ್ಟುಹೋದ ಮಾಹಿತಿಯ ನಿರ್ವಹಣೆ, ಅಳತೆಯ ದೋಷ ಎಷ್ಟು ದಿಕ್ಕುತಪ್ಪಿಸುತ್ತದೆಂದು ಲೆಕ್ಕ ಹಾಕುವ ಬಯಾಸ್ ಅನಾಲಿಸಿಸ್, ಟಾರ್ಗೆಟ್ ಟ್ರಯಲ್ (ಇರುವ ಡೇಟಾವನ್ನು, ಚೀಟಿ ಎತ್ತಿ ಚಿಕಿತ್ಸೆ ಹಂಚುವ ಟ್ರಯಲ್ ಒಂದನ್ನು ನಡೆಸಿದಂತೆ ಜೋಡಿಸುವುದು) ಇವೆಲ್ಲ ಇರಲೇಬೇಕು. ಜೊತೆಗೆ ಹೋಂವರ್ಕ್‌ಗೆ ಕೊಡುವ ಡೇಟಾ ಎಂಥದ್ದು ಎಂದು ಈಗಿನ ವಿದ್ಯಾರ್ಥಿಗಳನ್ನು ಕೇಳಿ. ತೊಳೆದು ಒರೆಸಿಟ್ಟ 200 ಸಾಲಿನ ಫೈಲ್ ಮೇಲೆ ಕಲಿತವರು, ವಯಸ್ಸಿನ ಕಾಲಂನಲ್ಲಿ 'ಗೊತ್ತಿಲ್ಲ' ಎಂಬುದಕ್ಕೆ 999 ಎಂದು ತುಂಬಿರುವ ನಿಜವಾದ ಫೈಲ್ ಎದುರಾದಾಗ ಸರಾಸರಿ ವಯಸ್ಸು 112 ಬಂದರೂ ಏಕೆಂದು ತಿಳಿಯದೆ ಒದ್ದಾಡುತ್ತಾರೆ.

ಒಳ್ಳೆಯ ಪಾಠ ಎಷ್ಟು ಸೂಕ್ಷ್ಮಕ್ಕೆ ಇಳಿಯುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಒಂದು ಗುಂಪಿನಲ್ಲಿ ಶೇ 40 ಮಂದಿಗೆ ಕಾಯಿಲೆ, ಇನ್ನೊಂದರಲ್ಲಿ ಶೇ 20. ಇವೆರಡರ ಅನುಪಾತ, ಅಂದರೆ ರಿಸ್ಕ್ ರೇಶಿಯೊ, 2. ಇದನ್ನೇ ಲಾಜಿಸ್ಟಿಕ್ ರಿಗ್ರೆಶನ್‌ಗೆ ಹಾಕಿದರೆ ಬರುವುದು ಆಡ್ಸ್ ರೇಶಿಯೊ, ಎಂದರೆ ಪ್ರತಿ ಗುಂಪಿನಲ್ಲಿ ಕಾಯಿಲೆ ಬಂದವರನ್ನು ಬಾರದವರಿಂದ ಭಾಗಿಸಿದಾಗ ಸಿಗುವ ಸಂಖ್ಯೆಗಳ ಅನುಪಾತ: 0.667 ಭಾಗಿಸು 0.25, ಅಂದರೆ 2.67. ಅದನ್ನು 'ಅಪಾಯ 2.67 ಪಟ್ಟು' ಎಂದು ಬರೆದರೆ ಅದು ತಪ್ಪು ಸುದ್ದಿ. ಕಾಯಿಲೆ ಶೇ 2 ಮತ್ತು ಶೇ 1ರಷ್ಟೇ ಇದ್ದಿದ್ದರೆ ಆಡ್ಸ್ ರೇಶಿಯೊ 2.02 ಬರುತ್ತಿತ್ತು, ತೊಂದರೆ ಇರುತ್ತಿರಲಿಲ್ಲ. ಕಾಯಿಲೆ ಸಾಮಾನ್ಯವಾದಾಗ ನೇರವಾಗಿ ರಿಸ್ಕ್ ರೇಶಿಯೊ ಕೊಡುವ ಲಾಗ್-ಬೈನಾಮಿಯಲ್ ಮಾಡೆಲ್ ಹಾಕಬೇಕು. ಅದು ಎಷ್ಟೋ ಸಲ ಕನ್ವರ್ಜ್ ಆಗುವುದಿಲ್ಲ, ಅಂದರೆ ಲೆಕ್ಕ ಒಂದು ಉತ್ತರಕ್ಕೆ ಬಂದು ನಿಲ್ಲುವುದಿಲ್ಲ, ಆಗ ರೋಬಸ್ಟ್ ಸ್ಟ್ಯಾಂಡರ್ಡ್ ಎರರ್ (ಅಂದಾಜಿನ ಅನಿಶ್ಚಿತತೆಯ ತಿದ್ದಿದ ಅಳತೆ) ಜೊತೆಗಿನ ಪಾಯ್ಸನ್ ರಿಗ್ರೆಶನ್ ಕೈಹಿಡಿಯುತ್ತದೆ. ಯಾವುದನ್ನು, ಯಾವಾಗ, ಏಕೆ ಎಂಬ ಈ ಮೂರನ್ನೂ ಒಟ್ಟಿಗೆ ಕಲಿಸುವ ಕಡೆ ಓದಿದವರ ಥೀಸಿಸ್ ಬೇರೆಯೇ ಇರುತ್ತದೆ.

ಇನ್ನೊಂದು, ಇದಕ್ಕಿಂತ ಅಪಾಯಕಾರಿ. ಹೃದಯಾಘಾತವಾಗಿ ಆಸ್ಪತ್ರೆಯಿಂದ ಮನೆಗೆ ಹೋದವರನ್ನು ಒಂದು ವರ್ಷ ಗಮನಿಸುತ್ತೇವೆ ಎಂದುಕೊಳ್ಳಿ. ಆ ವರ್ಷದಲ್ಲಿ ಯಾವಾಗಲಾದರೂ ಒಂದು ಔಷಧಿ ಶುರುಮಾಡಿದವರು ಮೊದಲ ಗುಂಪು, ಮಾಡದವರು ಎರಡನೆಯದು. ಏಳನೇ ತಿಂಗಳಲ್ಲಿ ಔಷಧಿ ಶುರುವಾದವರು ಅಲ್ಲಿಯವರೆಗೆ ಬದುಕಿದ್ದೇ ಆಗಿರಬೇಕು. ಮೂರನೇ ತಿಂಗಳಲ್ಲಿ ಔಷಧಿ ಶುರುವಾಗಬೇಕಿದ್ದು ಎರಡನೇ ತಿಂಗಳಲ್ಲೇ ತೀರಿಕೊಂಡವರ ಸಾವು ಹೋಗಿ ಎರಡನೇ ಗುಂಪಿನ ಲೆಕ್ಕಕ್ಕೆ ಸೇರುತ್ತದೆ. ಔಷಧಿಗೆ ಯಾವ ಗುಣ ಇಲ್ಲದಿದ್ದರೂ ಅದು ಜೀವ ಉಳಿಸಿದಂತೆ ಕಾಣುತ್ತದೆ. ಇದನ್ನೇ ಇಮ್ಮಾರ್ಟಲ್ ಟೈಮ್ ಬಯಾಸ್ ಎನ್ನುವುದು. ಹತ್ತು ಲಕ್ಷ ರೋಗಿಗಳ ಡೇಟಾ ತಂದರೂ ಇದು ಹೋಗುವುದಿಲ್ಲ. ಡೇಟಾ ಹೆಚ್ಚಾದಷ್ಟೂ ಪಿ-ಮೌಲ್ಯ (ಫಲಿತಾಂಶ ಬರೀ ಆಕಸ್ಮಿಕವೇ ಎಂದು ತೂಗಲು ಬಳಸುವ ಸಂಖ್ಯೆ) ಸಣ್ಣದಾಗಿ ತಪ್ಪು ಉತ್ತರದ ಮೇಲಿನ ನಂಬಿಕೆ ಗಟ್ಟಿಯಾಗುತ್ತದೆ, ಅಷ್ಟೆ. ಪರಿಹಾರವೆಂದರೆ ಔಷಧಿಯನ್ನು ಕಾಲಕ್ಕೆ ತಕ್ಕಂತೆ ಬದಲಾಗುವ ಅಂಶವಾಗಿ ಪರಿಗಣಿಸುವುದು, ಅಥವಾ ಅರ್ಹತೆ, ಗುಂಪು ಹಂಚಿಕೆ ಮತ್ತು ಗಮನಿಕೆ ಮೂರೂ ಒಂದೇ ಕ್ಷಣದಲ್ಲಿ ಶುರುವಾಗುವಂತೆ ಅಧ್ಯಯನವನ್ನು ಕಟ್ಟುವುದು.

ಇದು ಬರೀ ಪಠ್ಯದ ಮಾತಲ್ಲ. 1976ರಲ್ಲಿ 1,21,700 ನರ್ಸ್‌ಗಳೊಂದಿಗೆ ಶುರುವಾದ ನರ್ಸಸ್ ಹೆಲ್ತ್ ಸ್ಟಡಿಯಲ್ಲಿ, ಮುಟ್ಟು ನಿಂತ ಮೇಲೆ ಹಾರ್ಮೋನ್ ತೆಗೆದುಕೊಂಡವರಿಗೆ ಹೃದ್ರೋಗ ಕಡಿಮೆ ಎಂದು ಕಂಡಿತ್ತು. 2002ರಲ್ಲಿ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಟ್ರಯಲ್‌ನ ಎರಡು ಹಾರ್ಮೋನ್‌ಗಳ ಭಾಗವನ್ನು ಅಪಾಯ ಹೆಚ್ಚೆಂದು ಅವಧಿಗೆ ಮುನ್ನವೇ ನಿಲ್ಲಿಸಿದರು. ಎಪಿಡೆಮಿಯಾಲಜಿಸ್ಟ್ ಮಿಗೆಲ್ ಹೆರ್ನಾನ್ ಮತ್ತು ಸಂಗಡಿಗರು 2008ರಲ್ಲಿ ಅದೇ ನರ್ಸ್‌ಗಳ ಡೇಟಾವನ್ನು, ಔಷಧಿ ಶುರುವಾದ ಕ್ಷಣದಿಂದ ಲೆಕ್ಕ ಹಿಡಿದು, ಟ್ರಯಲ್‌ನಂತೆಯೇ ಜೋಡಿಸಿ ನೋಡಿದಾಗ ವ್ಯತ್ಯಾಸದ ಬಹುಪಾಲು ಕರಗಿತು. ಒಂದೇ ಡೇಟಾ, ಬೇರೆ ಪ್ರಶ್ನೆ, ಬೇರೆ ಉತ್ತರ. ಈ ಪದವಿಯ ಬೆಲೆ ಇರುವುದು ಇಂಥದ್ದನ್ನು ಪೇಪರ್ ಓದುವಾಗಲೇ ಹಿಡಿಯುವ ಕಣ್ಣಿನಲ್ಲಿ.

ಅರ್ಹತಾ ಪರೀಕ್ಷೆಗೆ ತಯಾರಿಯೂ ಹಾಗೆಯೇ ಆಗಬೇಕು. ಪ್ರಶ್ನೆಗಳು ಬಹುತೇಕ ಎರಡೇ ಬಗೆ: ಕೊಟ್ಟ ಪೇಪರ್‌ನ ದೋಷ ಹುಡುಕಿ, ಕೊಟ್ಟ ಪ್ರಶ್ನೆಗೆ ಅಧ್ಯಯನ ರೂಪಿಸಿ. ವಾರಕ್ಕೆ ಎರಡು ಪೇಪರ್ ತೆಗೆದುಕೊಂಡು ಪ್ರತಿಯೊಂದಕ್ಕೂ ಏಳು ಸಾಲು ಬರೆಯುವುದು ಒಳ್ಳೆಯ ಅಭ್ಯಾಸ: ಯಾರು ಅರ್ಹರು, ಯಾವ ಚಿಕಿತ್ಸೆಗಳ ಹೋಲಿಕೆ, ಹಂಚಿಕೆ ಹೇಗೆ, ಗಮನಿಕೆ ಎಂದಿನಿಂದ ಎಂದಿನವರೆಗೆ, ಫಲಿತಾಂಶ ಯಾವುದು, ಯಾವ ಪರಿಣಾಮವನ್ನು ಅಳೆಯುತ್ತಿದ್ದೇವೆ, ವಿಶ್ಲೇಷಣೆ ಹೇಗೆ. ಪೇಪರ್‌ನಲ್ಲಿ ಉತ್ತರ ಸಿಗದ ಸಾಲಿನಲ್ಲೇ ಸಾಮಾನ್ಯವಾಗಿ ದೋಷವೂ ಅಡಗಿರುತ್ತದೆ. ಒಂದು ಸಂಬಂಧ ನಿಜಕ್ಕೂ ಕಾರಣ-ಪರಿಣಾಮದ್ದೇ ಎಂದು ತೂಗಲು ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್ 1965ರಲ್ಲಿ ಹೇಳಿದ ಒಂಬತ್ತು ಅಂಶಗಳನ್ನು ಬಾಯಿಪಾಠ ಮಾಡಿ ಒಪ್ಪಿಸಿದರೆ ಅಂಕ ಬರುವುದಿಲ್ಲ. ಅವನ್ನು ಅವರು ಪರೀಕ್ಷೆಯ ಮಾನದಂಡ ಎನ್ನಲಿಲ್ಲ, ನೋಡುವ ದೃಷ್ಟಿಗಳು ಎಂದರು ಎಂಬುದನ್ನು ಅರಿತವರಿಗೆ ಬರುತ್ತದೆ.

ಇನ್ನು ಡೇಟಾ. ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲೇ.

ಸ್ವಂತವಾಗಿ ಡೇಟಾ ಸಂಗ್ರಹಿಸುತ್ತೇನೆ ಎನ್ನುವವರು ಮೊದಲು ಸ್ಯಾಂಪಲ್ ಸೈಜ್, ಅಂದರೆ ಎಷ್ಟು ಜನ ಬೇಕೆಂಬ ಲೆಕ್ಕ, ಸರಿಯಾಗಿ ಹಾಕಲಿ. ಸೂತ್ರದಲ್ಲಿ 400 ಬಂತು, ಶೇ 20 ಮಂದಿ ಒಪ್ಪದೇ ಇರಬಹುದು ಎಂದಾಗ ಬಹಳಷ್ಟು ಸಿನಾಪ್ಸಿಸ್‌ಗಳಲ್ಲಿ (ಸಂಶೋಧನಾ ಪ್ರಸ್ತಾವಗಳಲ್ಲಿ) 400ಕ್ಕೆ ಶೇ 20 ಸೇರಿಸಿ 480 ಎಂದು ಬರೆದಿರುತ್ತದೆ. 480ರಲ್ಲಿ ಶೇ 20 ಹೋದರೆ ಉಳಿಯುವುದು 384. ಮಾಡಬೇಕಾದ್ದು 400 ಭಾಗಿಸು 0.8, ಅಂದರೆ 500. ಹಳ್ಳಿ, ವಾರ್ಡ್, ಶಾಲೆ ಹೀಗೆ ಗುಂಪುಗಳಿಂದ ಜನರನ್ನು ಆರಿಸಿದರೆ ಡಿಸೈನ್ ಎಫೆಕ್ಟ್ ಬೇರೆ, ಅಂದರೆ ಒಂದೇ ಗುಂಪಿನವರು ಒಬ್ಬರನ್ನೊಬ್ಬರು ಹೋಲುವುದರಿಂದ ಸ್ಯಾಂಪಲ್ ಎಷ್ಟು ಪಟ್ಟು ಹೆಚ್ಚಬೇಕೆಂಬ ಸಂಖ್ಯೆ. ಪ್ರತಿ ಗುಂಪಿನಿಂದ 20 ಮಂದಿ, ಗುಂಪಿನೊಳಗಿನ ಹೋಲಿಕೆಯ ಪ್ರಮಾಣ 0.05 ಆದರೆ ಅದು 1 ಕೂಡಿಸು 19 ಗುಣಿಸು 0.05, ಅಂದರೆ 1.95. ಆಗ 400 ಇದ್ದದ್ದು 780 ಆಗುತ್ತದೆ, ಒಪ್ಪದವರ ಲೆಕ್ಕ ಸೇರಿ 975. ಎರಡೂವರೆ ಪಟ್ಟು ಹತ್ತಿರ! ಇದು ಫೀಲ್ಡ್‌ಗೆ ಇಳಿದ ಮೇಲೆ ಗೊತ್ತಾದರೆ ಹಣವೂ ಇಲ್ಲ, ಸಮಯವೂ ಇಲ್ಲ. ಎಥಿಕ್ಸ್ ಕಮಿಟಿ ಒಪ್ಪಿಗೆ, ಪ್ರಶ್ನಾವಳಿಯ ಅನುವಾದ, ಅದನ್ನು ಬೇರೊಬ್ಬರಿಂದ ಮರಳಿ ಅನುವಾದ ಮಾಡಿಸಿ ತಾಳೆ ನೋಡುವುದು, ಪೈಲಟ್, ಸಂದರ್ಶಕರ ತರಬೇತಿ ಇಷ್ಟಕ್ಕೇ ಒಂದು ವರ್ಷ ಹಿಡಿಯುತ್ತದೆಂದು ಇಟ್ಟುಕೊಳ್ಳುವುದು ಕ್ಷೇಮ. ಕಾಯಿಲೆ ಬರುವವರೆಗೆ ಕಾದು ನೋಡುವ ಕೋಹಾರ್ಟ್ ಅಧ್ಯಯನವನ್ನು ಒಬ್ಬ ವಿದ್ಯಾರ್ಥಿ ಹೊಸದಾಗಿ ಶುರುಮಾಡುವುದನ್ನು ನಾವು ಶಿಫಾರಸು ಮಾಡುವುದಿಲ್ಲ. ನಡೆಯುತ್ತಿರುವ ಕೋಹಾರ್ಟ್‌ಗೆ ಒಂದು ಪ್ರಶ್ನೆ ಸೇರಿಸುವುದು ಜಾಣತನ.

ಬೇರೆಯವರು ಸಂಗ್ರಹಿಸಿದ ಡೇಟಾ ಎಂದರೆ ಸಲೀಸು ಎಂದಲ್ಲ. ಬ್ರಿಟನ್ನಿನ ಆರೋಗ್ಯ ಡೇಟಾ ಭಂಡಾರವಾದ ಯುಕೆ ಬಯೋಬ್ಯಾಂಕ್‌ನಲ್ಲಿ 2006ರಿಂದ 2010ರ ನಡುವೆ ಸೇರಿದ, 40ರಿಂದ 69 ವಯಸ್ಸಿನ ಸುಮಾರು ಐದು ಲಕ್ಷ ಜನರಿದ್ದಾರೆ. ಪ್ರಸ್ತಾವ ಬರೆದು ಒಪ್ಪಿಗೆ ಪಡೆಯಬೇಕು, ಶುಲ್ಕವಿದೆ. ಆದರೆ ಕರೆದವರಲ್ಲಿ ಸೇರಿದ್ದು ಕೇವಲ ಶೇ 5.5, ಅದೂ ಹೆಚ್ಚು ಆರೋಗ್ಯವಂತರು, ಅನುಕೂಲಸ್ಥರು. ಆದ್ದರಿಂದ 'ಇಂಥ ಕಾಯಿಲೆ ಜನರಲ್ಲಿ ಎಷ್ಟಿದೆ' ಎಂಬ ಪ್ರಶ್ನೆಗೆ ಅದು ಸಲ್ಲದು. ಡೆನ್ಮಾರ್ಕ್‌ನಲ್ಲಿ 1968ರಿಂದ, ಸ್ವೀಡನ್‌ನಲ್ಲಿ 1947ರಿಂದ ಪ್ರತಿಯೊಬ್ಬರಿಗೂ ವೈಯಕ್ತಿಕ ಸಂಖ್ಯೆ ಇರುವುದರಿಂದ ಆಸ್ಪತ್ರೆ, ಔಷಧಿ, ಮರಣ ದಾಖಲೆಗಳನ್ನು ಜೋಡಿಸಬಹುದು. ಅಲ್ಲಿನ ಕಾರ್ಯಕ್ರಮಗಳ ನಿಜವಾದ ಆಸ್ತಿ ಅದೇ. ಹಾಗೆ ಜೋಡಿಸಿದ ಡೇಟಾಕ್ಕೆ ಅನುಮತಿಯ ಕಾಗದಪತ್ರ ಓಡಾಡಲು ಬಹಳ ತಿಂಗಳು ಬೇಕು; ಸೇರಿದ ಮೊದಲ ತಿಂಗಳಲ್ಲೇ ಅರ್ಜಿ ಹೋಗಿರಬೇಕು, ಕೋರ್ಸ್‌ವರ್ಕ್ ಮುಗಿಯಲಿ ಎಂದು ಕಾಯಬಾರದು. ಇನ್ನು ವಿಮೆ ಮತ್ತು ಆಸ್ಪತ್ರೆಯ ಬಿಲ್ಲಿಂಗ್ ದಾಖಲೆಗಳು. ಅವು ಹುಟ್ಟಿದ್ದು ಹಣ ಪಾವತಿಗಾಗಿ. ಕಾಯಿಲೆ ಇರಬಹುದೆಂದು ಪರೀಕ್ಷೆ ಬರೆದುಕೊಟ್ಟಾಗಲೂ ಆ ಕಾಯಿಲೆಯ ಕೋಡ್ ಬಿದ್ದಿರುತ್ತದೆ. ಒಂದೇ ಕೋಡ್ ನಂಬದೆ, 'ಬೇರೆ ಬೇರೆ ದಿನ ಎರಡು ಸಲ' ಅಥವಾ 'ಕೋಡ್ ಜೊತೆಗೆ ಔಷಧಿ' ಎಂಬಂಥ ವ್ಯಾಖ್ಯೆ ಮಾಡಿ, ಆ ವ್ಯಾಖ್ಯೆಯನ್ನು ಕೇಸ್ ಶೀಟ್‌ಗಳೊಂದಿಗೆ ತಾಳೆ ನೋಡಿದ ಅಧ್ಯಯನ ಇದೆಯೇ ಎಂದು ಹುಡುಕಬೇಕು.

ಯಾರ ಅನುಮತಿಯೂ ಇಲ್ಲದೆ ಇವತ್ತೇ ಇಳಿಸಿಕೊಂಡು ಅಭ್ಯಾಸ ಮಾಡಲು ಅಮೆರಿಕದ ರಾಷ್ಟ್ರೀಯ ಆರೋಗ್ಯ ಮತ್ತು ಪೋಷಣೆ ಸಮೀಕ್ಷೆಯಾದ ಎನ್‌ಹೇನ್ಸ್ ಚಿನ್ನದಂಥದ್ದು. ಆದರೆ ಅದರ ವೆಯ್ಟ್‌ಗಳನ್ನು (ಆರಿಸಿದ ಒಬ್ಬೊಬ್ಬರೂ ಎಷ್ಟು ಜನರನ್ನು ಪ್ರತಿನಿಧಿಸುತ್ತಾರೆಂಬ ಸಂಖ್ಯೆಗಳನ್ನು) ಬಿಟ್ಟು ಲೆಕ್ಕ ಹಾಕಿದರೆ ಉತ್ತರ ಆ ದೇಶದ ಜನಸಂಖ್ಯೆಯದ್ದಾಗುವುದಿಲ್ಲ, ಏಕೆಂದರೆ ಕೆಲವು ಗುಂಪುಗಳನ್ನು ಬೇಕೆಂದೇ ಹೆಚ್ಚು ಆರಿಸಿದ್ದಾರೆ. ಬರೀ ಸಂದರ್ಶನದ ಪ್ರಶ್ನೆಗಳಾದರೆ ಸಂದರ್ಶನದ ವೆಯ್ಟ್; ರಕ್ತದೊತ್ತಡದಂಥ ತಪಾಸಣೆಯ ಒಂದು ಅಂಶ ಸೇರಿದರೂ ತಪಾಸಣೆಯ ವೆಯ್ಟ್; ಉಪವಾಸದ ಗ್ಲೂಕೋಸ್ ಸೇರಿದರೆ ಆ ಉಪಗುಂಪಿನದ್ದು. ಎಲ್ಲಕ್ಕಿಂತ ಸಣ್ಣ ಗುಂಪು ಯಾವುದೋ ಅದರ ವೆಯ್ಟ್ ಎಂದು ನೆನಪಿಟ್ಟರೆ ಸಾಕು. 2011ರಿಂದ 2016ರವರೆಗಿನ ಮೂರು ಆವರ್ತಗಳನ್ನು ಸೇರಿಸಿದರೆ ಎರಡು ವರ್ಷದ ವೆಯ್ಟ್ ಅನ್ನು 3ರಿಂದ ಭಾಗಿಸಬೇಕು. ಮಹಿಳೆಯರನ್ನು ಮಾತ್ರ ನೋಡಬೇಕಾದಾಗ ಪುರುಷರ ಸಾಲುಗಳನ್ನು ಅಳಿಸಬೇಡಿ. ಮೊದಲು ಪೂರ್ಣ ಫೈಲ್‌ನ ಮೇಲೆ ಸರ್ವೆ ಡಿಸೈನ್ (ಜನರನ್ನು ಆರಿಸಿದ ರೀತಿ) ಘೋಷಿಸಿ, ಆಮೇಲೆ ಸಬ್‌ಸೆಟ್ ಆಜ್ಞೆ ಕೊಡಿ. ಸಾಲು ಅಳಿಸಿದರೆ ಸ್ಟ್ಯಾಂಡರ್ಡ್ ಎರರ್ ಕೆಡುತ್ತದೆ, ಸಾಫ್ಟ್‌ವೇರ್ ಎಚ್ಚರಿಕೆ ಕೊಡದೆಯೂ ಇರಬಹುದು.

ಸಾಫ್ಟ್‌ವೇರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆರ್ ಉಚಿತ, ಹೊಸ ವಿಧಾನಗಳು ಬಹುಪಾಲು ಅಲ್ಲೇ ಮೊದಲು ಬರುತ್ತವೆ. ಸ್ಟಾಟಾ ಕಲಿಯಲು ಸುಲಭ. ದೊಡ್ಡ ಬಿಲ್ಲಿಂಗ್ ಡೇಟಾ ಇರುವ ಕಡೆ ಸ್ಯಾಸ್ ಇನ್ನೂ ಇದೆ. ಯಾವುದಾದರೂ ಸರಿ, ಮೂಲ ಫೈಲ್ ಮುಟ್ಟಬಾರದು, ಮೂಲದಿಂದ ಕೊನೆಯ ಟೇಬಲ್‌ವರೆಗೆ ಒಂದೇ ಸ್ಕ್ರಿಪ್ಟ್ ಸರಣಿ ಓಡಬೇಕು, ಅದು ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್‌ನಲ್ಲಿರಬೇಕು. ಪೇಪರ್ ಕಳಿಸಿ ಐದಾರು ತಿಂಗಳ ಮೇಲೆ ರಿವ್ಯೂವರ್ 'ಮಧುಮೇಹಿಗಳನ್ನು ಬಿಟ್ಟು ಮತ್ತೆ ತೋರಿಸಿ' ಎಂದಾಗ ಅದರ ಬೆಲೆ ತಿಳಿಯುತ್ತದೆ.

ಥೀಸಿಸ್ ಈಗ ಹೆಚ್ಚಿನ ಕಡೆ ಮೂರು ಪೇಪರ್‌ಗಳ ರೂಪದ್ದು. ಇದನ್ನು ರೂಪಿಸುವಾಗ ಒಂದು ನಿಯಮ: ಎರಡನೇ ಪೇಪರ್ ಮೊದಲನೆಯದರ ಫಲಿತಾಂಶವನ್ನು ನಂಬಿ ನಿಲ್ಲಬಾರದು. 'ಮೊದಲು ವಾಯುಮಾಲಿನ್ಯಕ್ಕೂ ರಕ್ತದೊತ್ತಡಕ್ಕೂ ಸಂಬಂಧ ತೋರಿಸುತ್ತೇನೆ, ಆಮೇಲೆ ಆ ಸಂಬಂಧದ ದಾರಿ ಹುಡುಕುತ್ತೇನೆ' ಎಂದು ಬರೆದವರು, ಮೊದಲನೆಯದರಲ್ಲಿ ಸಂಬಂಧವೇ ಕಾಣದಿದ್ದರೆ ಮಿಕ್ಕ ಎರಡನ್ನೂ ಕಳೆದುಕೊಳ್ಳುತ್ತಾರೆ. ಒಂದು ಪೇಪರ್ ಅಳತೆಯ ಬಗ್ಗೆ, ಒಂದು ಮುಖ್ಯ ಪ್ರಶ್ನೆಯ ಬಗ್ಗೆ, ಒಂದು ವಿಧಾನದ ಬಗ್ಗೆ ಇದ್ದರೆ ಉತ್ತರ ಯಾವ ಕಡೆ ಬಂದರೂ ಮೂರೂ ಉಳಿಯುತ್ತವೆ. ಫಲಿತಾಂಶ ನೋಡುವ ಮೊದಲೇ ವಿಶ್ಲೇಷಣಾ ಯೋಜನೆಯನ್ನು ದಿನಾಂಕ ಹಾಕಿ ಕಮಿಟಿಗೆ ಕೊಟ್ಟಿರಬೇಕು. ಬರೆಯುವಾಗ ಇಂಥ ಅಧ್ಯಯನದ ವರದಿಯಲ್ಲಿ ಏನೇನಿರಬೇಕೆಂದು ಹೇಳುವ 22 ಅಂಶಗಳ ಸ್ಟ್ರೋಬ್ ಪಟ್ಟಿ ಪಕ್ಕದಲ್ಲಿರಲಿ. ಮುಖ್ಯ ಕಾರಣವೊಂದಕ್ಕೆಂದು ಕಟ್ಟಿದ ಮಾಡೆಲ್‌ನಲ್ಲಿ ಹೊಂದಾಣಿಕೆಗೆ ಸೇರಿಸಿದ ವಯಸ್ಸು, ಆದಾಯ, ಧೂಮಪಾನ ಎಲ್ಲದರ ಸಂಖ್ಯೆಯನ್ನೂ ಒಂದೇ ಟೇಬಲ್‌ನಲ್ಲಿಟ್ಟು ಎಲ್ಲವೂ ಕಾರಣಗಳೆಂಬಂತೆ ವ್ಯಾಖ್ಯಾನಿಸುವುದು ತೀರಾ ಸಾಮಾನ್ಯ ತಪ್ಪು. ಇದಕ್ಕೆ ಟೇಬಲ್ 2 ಫ್ಯಾಲಸಿ ಎಂಬ ಹೆಸರೇ ಇದೆ, ವೈವಾದಲ್ಲಿ ಇದನ್ನು ಹಿಡಿಯದ ಪರೀಕ್ಷಕರು ವಿರಳ.

ಗೈಡ್ ಆಯ್ಕೆಯಲ್ಲಿ ಹೆಸರಿನ ಹಿಂದೆ ಹೋಗಬೇಡಿ. ಅವರ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರನ್ನು, ಈಗಿನವರಲ್ಲಿ ಇಬ್ಬರನ್ನು ನೇರವಾಗಿ ಮಾತಾಡಿಸಿ. ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಮುಗಿಸಿದರು? ಡ್ರಾಫ್ಟ್ ಕೊಟ್ಟರೆ ಎಷ್ಟು ವಾರಕ್ಕೆ ತಿದ್ದಿ ಬರುತ್ತದೆ? ಮೊದಲ ಲೇಖಕರ ಜಾಗ ವಿದ್ಯಾರ್ಥಿಗೇ ಸಿಕ್ಕಿತೇ? ಡೇಟಾ ಯಾರ ಹೆಸರಿನಲ್ಲಿದೆ, ಗೈಡ್ ಬೇರೆ ಸಂಸ್ಥೆಗೆ ಹೋದರೆ ಅದು ವಿದ್ಯಾರ್ಥಿಯ ಕೈಯಲ್ಲಿ ಉಳಿಯುತ್ತದೆಯೇ? ಕೊನೆಯ ಪ್ರಶ್ನೆಯನ್ನು ಬಹುತೇಕ ಯಾರೂ ಕೇಳುವುದಿಲ್ಲ. ಉತ್ತರ ಲಿಖಿತದಲ್ಲಿರಲಿ. ಕಮಿಟಿಯಲ್ಲಿ ಒಬ್ಬ ಬಯೋಸ್ಟ್ಯಾಟಿಸ್ಟಿಶಿಯನ್ ಇರಲೇಬೇಕು, ಅದೂ ವರ್ಷಕ್ಕೊಮ್ಮೆ ಸಹಿ ಹಾಕಲು ಬರುವವರಲ್ಲ, ಕೋಡ್ ತೆರೆದು ನೋಡುವವರು. ಪದವಿಗೆ ಮೊದಲು ಇಷ್ಟು ಪೇಪರ್ ಪ್ರಕಟವಾಗಿರಲೇಬೇಕೆಂಬ ನಿಯಮವಿದ್ದರೆ ಆ ಕಾರ್ಯಕ್ರಮದ ನಿಜವಾದ ಅವಧಿಗೆ ಕನಿಷ್ಠ ಒಂದು ವರ್ಷ ಸೇರಿಸಿ ಲೆಕ್ಕ ಹಾಕಿ, ಏಕೆಂದರೆ ಜರ್ನಲ್‌ಗಳ ವೇಗ ಯಾರ ಕೈಯಲ್ಲೂ ಇಲ್ಲ. ಆ ಅವಸರದಲ್ಲೇ ದುಡ್ಡು ಕೊಟ್ಟರೆ ವಾರದಲ್ಲಿ ಪ್ರಕಟಿಸುವ ಜರ್ನಲ್‌ಗಳ ಬಲೆಗೆ ಬೀಳುವವರು ಹೆಚ್ಚು.

ಯಾರಿಗೆ ಇದು ಬೇಡ? ರೋಗ ಹರಡಿದ ಕಡೆಗೆ ಓಡಿ ಹೋಗಿ ಮೂಲ ಹುಡುಕುವ ಕೆಲಸವೇ ಸೆಳೆಯುತ್ತಿದ್ದರೆ ಪಿಎಚ್‌ಡಿ ಆ ದಾರಿಯಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 1951ರಲ್ಲಿ ಶುರುಮಾಡಿದ ಎಪಿಡೆಮಿಕ್ ಇಂಟೆಲಿಜೆನ್ಸ್ ಸರ್ವಿಸ್ ಮತ್ತು ಅದರ ಮಾದರಿಯಲ್ಲಿ ಹಲವು ದೇಶಗಳಲ್ಲಿ ನಡೆಯುವ ಫೀಲ್ಡ್ ಎಪಿಡೆಮಿಯಾಲಜಿ ತರಬೇತಿಗಳು ಸಾಮಾನ್ಯವಾಗಿ ಎರಡು ವರ್ಷದವು, ಕೆಲಸ ಮಾಡುತ್ತಲೇ ಕಲಿಯುವಂಥವು. ಆರೋಗ್ಯ ಇಲಾಖೆಯಲ್ಲಿ ಕಾರ್ಯಕ್ರಮ ನಡೆಸಬೇಕೆನ್ನುವವರಿಗೆ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಸಾಕಾಗುತ್ತದೆ, ಮುನ್ನಡೆಸುವ ಹುದ್ದೆಗೆ ಡಿಆರ್‌ಪಿಎಚ್ (ಸಾರ್ವಜನಿಕ ಆರೋಗ್ಯದ ಡಾಕ್ಟರೇಟ್) ಇದೆ. ಪಿಎಚ್‌ಡಿ ಬೇಕಾಗುವುದು ವಿಶ್ವವಿದ್ಯಾಲಯದಲ್ಲಿ ಸ್ವತಂತ್ರ ಸಂಶೋಧನೆ ನಡೆಸಲು, ಔಷಧ ಕಂಪನಿಗಳ ಫಾರ್ಮಕೊಎಪಿಡೆಮಿಯಾಲಜಿ (ಔಷಧಿಗಳ ಪರಿಣಾಮವನ್ನು ಜನರಲ್ಲಿ ಅಧ್ಯಯನ ಮಾಡುವ) ತಂಡಗಳಲ್ಲಿ ಹಿರಿಯ ಹುದ್ದೆಗೆ, ಇಲ್ಲವೇ ಸಾರ್ವಜನಿಕ ಆರೋಗ್ಯ ಸಂಸ್ಥೆಗಳಲ್ಲಿ ವಿಧಾನಗಳ ಜವಾಬ್ದಾರಿ ಹೊರಲು.

ಇಷ್ಟಾದ ಮೇಲೂ ಬೇಕೇ ಬೇಕೆನ್ನುವವರು ಅರ್ಜಿಗೆ ಮೊದಲು ಗೈಡ್‌ಗೆ ಬರೆಯುವ ಪತ್ರ ಒಂದು ಪುಟ ಮೀರದಿರಲಿ. ಮೊದಲ ಪ್ಯಾರಾದಲ್ಲಿ ಪ್ರಶ್ನೆ: ಯಾವ ಜನ, ಯಾವ ಕಾರಣ, ಯಾವುದಕ್ಕೆ ಹೋಲಿಸಿ, ಯಾವ ಫಲಿತಾಂಶ, ಎಷ್ಟು ಕಾಲ. ಎರಡನೆಯದರಲ್ಲಿ ಆ ಪ್ರಶ್ನೆಗೆ ಉತ್ತರ ಕೊಡಬಲ್ಲ, ಅವರ ಬಳಿ ಇರುವ ಡೇಟಾದ ಹೆಸರು ಮತ್ತು ಅದರಲ್ಲಿ ಆ ಅಂಶಗಳನ್ನು ಹೇಗೆ ಅಳೆದಿದ್ದಾರೆ ಎಂಬುದು; ಕೋಡ್‌ಬುಕ್ (ಡೇಟಾದ ಯಾವ ಕಾಲಂ ಏನೆಂದು ವಿವರಿಸುವ ಕಡತ) ಸಾರ್ವಜನಿಕವಾಗಿದ್ದರೆ ಓದಿಯೇ ಬರೆಯಿರಿ. ಮೂರನೆಯದರಲ್ಲಿ ಈವರೆಗೆ ಸ್ವತಃ ಮಾಡಿದ ಒಂದು ವಿಶ್ಲೇಷಣೆ ಮತ್ತು ಅದರ ಕೋಡ್‌ನ ಲಿಂಕ್. ಎನ್‌ಹೇನ್ಸ್ ಮೇಲೆ ವೆಯ್ಟ್ ಹಾಕಿ ಸರಿಯಾಗಿ ಮಾಡಿದ ಒಂದೇ ಒಂದು ಟೇಬಲ್ ಇದ್ದರೂ ಆಯಿತು.